ಬ್ರೋಮಿನ್ ಇದ್ದ ಮೂಲೆ

ಫೆಬ್ರವರಿ 3

...ಜೋಡಿಸುವುದು ಕಷ್ಟವಲ್ಲ, ಎಲ್ಲಿ ಜೋಡಿಸಬೇಕು ಎಂಬ ಗುರುತನ್ನು ಮೊದಲೇ ಇಡುವುದು ಕಷ್ಟ. ಹೀಗೇನೋ ನೀನು ಒಮ್ಮೆ ಹೇಳಿದ್ದೆ. ಬಸ್ಸಿನಲ್ಲಿರಬೇಕು, ಮಾತಿನ ಉಳಿದ ಭಾಗ ಹಾರನ್ನಿನ ಸದ್ದಿನಲ್ಲಿ ಹೋಯಿತೆಂದು ನೆನಪು. ಇವತ್ತು ಪ್ಲಾಂಟಿನಲ್ಲಿ ಬ್ರೋಮಿನ್ ಹನಿಸುತ್ತ ನಿಂತಿದ್ದಾಗ ಆ ಅರ್ಧ ಮಾತು ಬಂತು, ಇನ್ನರ್ಧಕ್ಕೆ ಕಾಯುತ್ತ ನಿಂತೆ. ಬಿದ್ದ ಹನಿಯ ಕೆಂಪು ಕರಗಿ ಮಾಯವಾಗುತ್ತ ಬರುವುದು, ಇನ್ನು ಸಾಕು ಎನ್ನುವಾಗ ಮಾಯವಾಗದೆ ನಿಲ್ಲುವುದು, ಇಷ್ಟನ್ನೇ ಇಷ್ಟು ವರ್ಷ ನೋಡಿದವನು ಇವತ್ತು ಅದು ನಿಂತದ್ದನ್ನು ನೋಡಲಿಲ್ಲ.

"ಸಾರ್, ಕೆಂಪಾಗಿ ಕೂತಿದೆ, ನಿಲ್ಸಿ! ಯಾವ ಲೋಕದಲ್ಲಿದ್ದೀರಿ?" ಎಂದು ಮೂಗು ಕೂಗಿದ. ಮೂಗು ನಿನಗೆ ಗೊತ್ತಿಲ್ಲ. ನೀನು ಹೋದ ಮೇಲೆ ನಮ್ಮ ಪಾಳಿಗೆ ಬಂದವನು. ಗೋಡೆಯ ಅಲಾರಂ ಬಡಿದುಕೊಳ್ಳುವ ಮೊದಲೇ ಬ್ರೋಮಿನ್ನಿನ ವಾಸನೆ ಹಿಡಿಯುತ್ತಾನೆ, ಅದಕ್ಕೆ ಆ ಹೆಸರು.

ಕಾಗದ ಬರೆಯೋಣ ಎಂದವಳು ನೀನೇ. ಫೋನಿನಲ್ಲಿ ನಮ್ಮ ಮಾತು ಗ್ಯಾಸು, ಸೋರುವ ನಲ್ಲಿ, ಅತ್ತೆಯ ಮಾತ್ರೆ ಇವನ್ನು ದಾಟುವುದಿಲ್ಲ. ಫೋನು ಮನೆಗೆ, ಕಾಗದ ನಮಗೆ ಎಂದು ಹಂಚಿಕೊಂಡೆವು. ಹಂಚಿಕೊಂಡು ಒಂದು ಮಳೆಗಾಲ ಕಳೆದ ಮೇಲೆ ನಾನು ಶುರು ಮಾಡುತ್ತಿದ್ದೇನೆ. ನಿಮ್ಮಮ್ಮನಿಗೆ ಇದು ನಗುವ ವಿಷಯ. "ಜೀವಮಾನವೆಲ್ಲ ಟೆಲಿಫೋನ್ ಎಕ್ಸ್‌ಚೇಂಜಲ್ಲಿ ಕೂತು ಊರಿಗೆಲ್ಲ ಲೈನ್ ಕೊಟ್ಟವಳು ನಾನು. ನನ್ನ ಮನೇಲೇ ಗಂಡ ಹೆಂಡ್ತಿ ಮಧ್ಯೆ ಪೋಸ್ಟ್‌ಮ್ಯಾನ್!" ಎನ್ನುತ್ತಾರೆ.

ಒಂದು ಸುದ್ದಿ. ನಮ್ಮಲ್ಲಿಂದ ಎಷ್ಟೋ ಕಾಲದಿಂದ ಹೊರಗೆ ಹೋಗುತ್ತಿರುವ ಆ ಬಿಳಿ ಹರಳು ನಿನಗೆ ಗೊತ್ತಲ್ಲ. ಈ ಸಲದ ಡಬ್ಬಿಗಳ ಮೇಲೆ ಅಂಟಿಸುವ ವಿಳಾಸ ನೋಡಿದೆ. ನಿನ್ನ ಕಟ್ಟಡ, ನಿನ್ನ ಮಹಡಿ. ಊಟದ ಮೇಜಿನ ಮೇಲೆ ಚಮಚಗಳನ್ನು ಆರು ಮೂಲೆಯ ಉಂಗುರದ ಹಾಗೆ ಇಟ್ಟು ಅತ್ತೆಗೆ ವಿವರಿಸಿದೆ. ಒಂದು ಮೂಲೆಯಲ್ಲಿ ಮೆಥಾಕ್ಸಿ ಎಂಬ ಗುಂಪು ಮೊದಲೇ ಕೂತಿದೆ. ಹೊಸಬನನ್ನು ತನ್ನ ಎದುರಿಗೇ ಕೂರಿಸಬೇಕೆಂದು ಅದರ ಆಸೆ. ಎದುರು ಮೂಲೆಯಲ್ಲಿ ಆಮ್ಲ ಕೂತುಬಿಟ್ಟಿದೆ. ಹಾಗಾಗಿ ಬ್ರೋಮಿನ್ ಬಂದು ಪಕ್ಕದ ಮೂಲೆಯಲ್ಲಿ ಕೂರುತ್ತದೆ.

"ಕೂತ್ಕೊಂಡು ಏನ್ಮಾಡತ್ತೆ?"

"ಕಾಯುತ್ತೆ, ಅತ್ತೆ. ನಿಮ್ಮ ಮಗಳ ಲ್ಯಾಬಿನಲ್ಲಿ ಇನ್ನೊಂದು ತುಂಡು ತರ್ತಾರೆ. ಆಗ ಎದ್ದು ಅದಕ್ಕೆ ಜಾಗ ಬಿಟ್ಟುಕೊಡುತ್ತೆ."

"ಎದ್ದು ಹೋಗೋದಕ್ಕೇ ಬಂದು ಕೂತ್ಕೊಳತ್ತಾ? ಇದೆಂಥ ನೆಂಟ!"

ಸೋಸಿ, ನೀರಿನಲ್ಲಿ ತೊಳೆದ ಹರಳನ್ನು ಸಾಮಾನ್ಯವಾಗಿ ಒಂದು ಪಾಳಿ ಓವನ್ನಿನಲ್ಲಿಟ್ಟು ತೆಗೆದುಬಿಡುತ್ತೇವೆ. ಅಷ್ಟು ಸಾಕು. ಆದರೆ ನಿನ್ನ ತಟ್ಟೆಗಳನ್ನು ವಾರದ ಕೊನೆಯವರೆಗೂ ಬಿಟ್ಟೆ, ನಡುನಡುವೆ ನಾನೇ ಹೋಗಿ ಕದಡಿ ಬಂದೆ. "ಏನ್ಸಾರ್, ಮದುವೆ ಬಟ್ಟೆ ಒಣಗಿಸ್ತಿದ್ದೀರಾ?" ಎಂದ ಮೂಗು. ತಟ್ಟೆ ಅಲ್ಲಾಡಿಸಿದರೆ ಮರಳಿನ ಹಾಗೆ ಹರಿಯುತ್ತದೆ ಈಗ. ಅಷ್ಟು ಚೆನ್ನಾಗಿ ಒಣಗಿದ್ದನ್ನು ನಾನು ಕಂಡಿಲ್ಲ.

ಜುಲೈಗೆ ನಿನ್ನ ಒಪ್ಪಂದ ಮುಗಿಯುತ್ತದೆ. ಅದನ್ನು ಬರೆಯಬೇಕೆಂದೇ ಈ ಕಾಗದ ಹಿಡಿದೆನೋ ಏನೋ.

ಇಂತಿ,
ನಲ್ಲಿ ರಿಪೇರಿ ಮಾಡಿಸಿದವನು


ಫೆಬ್ರವರಿ 21

ನಾನು ಹಾಗೆ ಹೇಳಲೇ ಇಲ್ಲ. ನಾನು ಹೇಳಿದ್ದು, ಜೋಡಿಸಿದ ಮೇಲೆ ಗುರುತು ಉಳಿಯಬಾರದು ಅಂತ. ಬಸ್ಸಿನಲ್ಲೂ ಅಲ್ಲ; ಕಾಲೇಜಿನ ಲ್ಯಾಬಿನಲ್ಲಿ, ನಮ್ಮಿಬ್ಬರ ಮೇಜಿನ ನಡುವೆ ಇದ್ದ ಆ ಸಿಂಕಿನ ಹತ್ತಿರ. ನೀನು ಫ್ಲಾಸ್ಕು ತೊಳೆಯುತ್ತಿದ್ದೆ, ನಲ್ಲಿ ಜೋರಾಗಿ ಬಿಟ್ಟಿದ್ದೆ. ಹಾರನ್ ಅಲ್ಲ, ನೀರಿನ ಸದ್ದು. ನಿನ್ನ ನೆನಪಿಗೆ ಬರುವ ಹೊತ್ತಿಗೆ ನಾನು ಯಾವಾಗಲೂ ಬೇರೆ ಯಾವಳೋ ಆಗಿರುತ್ತೇನೆ, ಸ್ವಲ್ಪ ಜಾಣೆಯಾಗಿ.

ಡಬ್ಬಿ ಬಂತು. ಚೀಟಿಯ ಮೇಲೆ ಏಳರ ಅಂಕಿಯನ್ನು ನಡುವೆ ಗೆರೆ ಹಾಕಿ ಬರೆಯುವವನು ನೀನೊಬ್ಬನೇ. ಒಂದು ದಿನ ತೆರೆಯದೆ ನನ್ನ ಮೇಜಿನ ಮೇಲೆ ಇಟ್ಟುಕೊಂಡೆ. ಪಕ್ಕದ ಮೇಜಿನ ಹುಡುಗಿ, "ಮೇಡಂ, ಅದನ್ನ ಸ್ಟೋರಿಗೆ ಕೊಡಬೇಕಲ್ವಾ?" ಎಂದು ಎರಡು ಸಲ ಕೇಳಿದಳು. ಕೊಟ್ಟೆ.

ಇಲ್ಲಿ ನನ್ನ ಕೆಲಸ ನಿನಗೆ ಗೊತ್ತಿರುವಂಥದ್ದೇ. ನಿಮ್ಮ ಹರಳು ಒಂದು ತುಂಡು. ಬೋರಾನ್ ಹೊತ್ತ ಇನ್ನೊಂದು ತುಂಡು ಬೇರೆ ಯಾವುದೋ ಊರಿನಿಂದ ಬರುತ್ತದೆ. ಎರಡನ್ನೂ ದ್ರಾವಕದಲ್ಲಿ ಹಾಕಿ, ಕ್ಷಾರ ಹಾಕಿ, ಚಿಟಿಕೆ ಪಲ್ಲೇಡಿಯಂ ಹಾಕಿ ಬಿಸಿ ಮಾಡುತ್ತೇವೆ. ಒಂದು ಕಡೆಯಿಂದ ಬ್ರೋಮಿನ್, ಇನ್ನೊಂದು ಕಡೆಯಿಂದ ಬೋರಾನ್ ಬಿಟ್ಟುಹೋಗುತ್ತವೆ, ಉಂಗುರ ಉಂಗುರ ಕೂಡಿಕೊಳ್ಳುತ್ತವೆ. ಹೀಗೆ ಇನ್ನೂ ನಾಲ್ಕಾರು ಮೆಟ್ಟಿಲು ಹತ್ತಿದರೆ ನರದ ನೋವಿಗೆ ಔಷಧವಾಗಬಹುದಾದ ಒಂದು ಅಣು. ಆಗಬಹುದಾದ, ಅಷ್ಟೇ. ನನ್ನ ಹಿಂದಿನವರು ಬರೆದಿಟ್ಟ ವಿಧಾನ ಇದೆ, ಅದರಂತೆ ನಡೆದರೆ ಜುಲೈ ಕಷ್ಟವಲ್ಲ.

ಕೋಣೆ ಸಣ್ಣದು, ಬಿಸಿಲು ಬರುತ್ತದೆ. ಕಿಟಕಿಯ ಕೆಳಗೆ ಸೈಕಲ್ ರಿಪೇರಿಯವನ ಅಂಗಡಿ. ಅವನು ಗಾಳಿ ಹಾಕುವ ಸದ್ದು ಯಾರೋ ದೊಡ್ಡವರು ನಿಟ್ಟುಸಿರು ಬಿಟ್ಟ ಹಾಗೆ ಕೇಳುತ್ತದೆ. ಮೊದಮೊದಲು ತಿರುಗಿ ನೋಡುತ್ತಿದ್ದೆ.

ಅಮ್ಮ ಭಾನುವಾರ ಫೋನಿನಲ್ಲಿ, "ಅವನಿಗೆ ಕೆಮ್ಮು, ಕಷಾಯ ಕುಡಿ ಅಂದ್ರೆ ಕುಡಿಯಲ್ಲ" ಎಂದಳು. ಯಾರು ಎಂದು ಕೇಳಬೇಕಾಯಿತು. ಅಳಿಯಂದಿರಾಗಿದ್ದ ನೀನು ಅವಳಿಗೆ 'ಅವನು' ಆದದ್ದು ಯಾವಾಗ? ಅವಳ ಎದುರು ನಿನ್ನನ್ನು 'ನೀನು' ಅಂದಿದ್ದಕ್ಕೆ ನನಗೆ ಬೈದವಳು ಅವಳು.

ನಿನ್ನನ್ನು ಕರೆಯುತ್ತಿದ್ದ ಹಾಗೆ ಕ್ಲೋರಿನ್ ಎಂದು ಕರೆಯಲು ಈಗ ಇಲ್ಲಿ ಯಾರೂ ಇಲ್ಲ. ಇಲ್ಲಿಯವರಿಗೆ ನಿನ್ನ ಕಥೆ ಹೇಳಿದೆ: ಒಂದೇ ಉಂಗುರದ ಮೇಲೆ ಮೂವರೂ ಇದ್ದರೆ ಮೊದಲು ಅಯೋಡಿನ್ ಹೊರಡುತ್ತದೆ, ಆಮೇಲೆ ಬ್ರೋಮಿನ್, ಕ್ಲೋರಿನ್ ಮಾತ್ರ ಏನು ಮಾಡಿದರೂ ಜಾಗ ಬಿಟ್ಟು ಕದಲುವುದಿಲ್ಲ, ನಮ್ಮ ಮನೆಯಲ್ಲಿ ಒಬ್ಬರು ಹಾಗಿದ್ದಾರೆ ಎಂದು. ನಕ್ಕರು. ನಾನು ನಗಿಸುವುದಕ್ಕೆ ಹೇಳಿದ್ದೇ ಹೌದು.

ನಿನ್ನ ಪಕ್ಕದ ಮೇಜಿನವಳು


ಮಾರ್ಚ್ 12

ನಾನು ಕದಲುವುದಿಲ್ಲ ಎನ್ನುವುದು ಸರಿ. ನೀನು ಈ ಕೆಲಸದ ಪತ್ರ ಮೇಜಿನ ಮೇಲಿಟ್ಟ ದಿನ ನಿನ್ನ ಜೊತೆ ಬರಬಹುದಿತ್ತೇ ಎಂದು ಎಷ್ಟು ಯೋಚಿಸಿದರೂ, ಬರಬಹುದಿತ್ತು ಎನ್ನುವುದರ ಪಕ್ಕದಲ್ಲಿ ನೀನು ಕೇಳಲಿಲ್ಲ ಎನ್ನುವುದೂ ಬಂದು ಕೂರುತ್ತದೆ. ಕೇಳದೆ ಇದ್ದದ್ದು ನನ್ನ ಉತ್ತರ ಗೊತ್ತಿದ್ದರಿಂದಲೋ, ಬೇರೆ ಕಾರಣವೋ. ಈ ವಾಕ್ಯವನ್ನು ಹೊಡೆದುಹಾಕಬಹುದು. ಇರಲಿ.

ಮನೆಯಲ್ಲಿ ಒಂದು ಬದಲಾವಣೆ. ಅತ್ತೆಯ ಎಡಗಿವಿ ಈಗ ಪೂರ್ತಿ ಹೋಗಿದೆ. ಹೆಡ್‌ಫೋನ್ ಹಾಕಿಕೊಳ್ಳುತ್ತಿದ್ದ ಕಿವಿ. ಹಾಗಾಗಿ ನಾವು ಕೂರುವ ಜಾಗ ಅದಲುಬದಲಾಯಿತು. ಅವರ ಬಲಕ್ಕೆ, ಅಂದರೆ ನಿನ್ನ ಕುರ್ಚಿಯಲ್ಲಿ, ನಾನು ಕೂರುತ್ತೇನೆ. ಅಲ್ಲಿಂದ ಅಡುಗೆಮನೆಯ ಕಿಟಕಿ ಕಾಣುತ್ತದೆ, ಎದುರು ಕಟ್ಟಡದ ಮೆಟ್ಟಿಲು ಕಾಣುತ್ತದೆ. ಇಷ್ಟು ವರ್ಷ ಊಟ ಮಾಡುವಾಗ ನೀನು ಏನನ್ನು ನೋಡುತ್ತಿದ್ದೆ ಎಂಬುದು ನನಗೆ ಗೊತ್ತಿರಲಿಲ್ಲ.

ಕೆಳಗಿನ ಸಾಲುಗಳು ನನ್ನವಲ್ಲ. ಪೆನ್ನು ಕಿತ್ತುಕೊಂಡರು.

ಮಗಳೇ, ನಾನು ಬರೀತಿದ್ದೀನಿ. ಇವನು ಬರೆದದ್ದನ್ನ ಓದಲಿಲ್ಲ, ಓದಬಾರದು ಅಂತ ಮೇಲೆ ಪೇಪರ್ ಮುಚ್ಚಿದ್ದಾನೆ. ಲೈನ್ ಕೊಡೋವಾಗಲೂ ನಾವು ಕೇಳಿಸ್ಕೋಬಾರದು ಅಂತ ರೂಲ್ಸಿತ್ತು, ಕೇಳಿಸ್ಕೋತಿದ್ವಿ, ಅದು ಬೇರೆ. ಇವನು ಕಷಾಯ ಕುಡಿದ. ನಿನ್ನ ಕೆಂಪು ಸ್ವೆಟರಿಗೆ ಹುಳ ಹಿಡಿದೀತು ಅಂತ ನಾನು ಬಿಸಿಲಿಗೆ ಹಾಕಿದ್ರೆ, ವಾಸನೆ ಹೋಗುತ್ತೆ ಅಂತ ಒಳಗೆ ತಂದಿಟ್ಟ. ಯಾವ ವಾಸನೆನೋ ಅಂದ್ರೆ ಬೀರು ಬಾಗಿಲು ಮುಚ್ಚಿದ. ಗಂಡಸರ ಬುದ್ಧಿ. ಜುಲೈಗೆ ಬಾ. ನನಗೆ ಒಂದು ಕಿವಿ ಇರೋ ಹೊತ್ತಿಗೇ ಬಂದು ಏನಾದ್ರೂ ಹೇಳು. ಅಮ್ಮ.

ಇದನ್ನು ನಾನು ತಿದ್ದುವಂತಿಲ್ಲ.

ಇಂತಿ,
ಕಷಾಯ ಕುಡಿದವನು


ಏಪ್ರಿಲ್ 16

ಚಿಕ್ಕ ಕಾಗದ. ಕೂಡಿಕೊಳ್ಳುವುದು ನಿಂತುಹೋಗಿದೆ.

ಹಳೆಯ ಡಬ್ಬಿಗಳು ಮುಗಿಯುವ ತನಕ ಎಲ್ಲ ಸರಿಯಾಗಿತ್ತು. ಈಗ ಬೆಳಿಗ್ಗೆ ಹಾಕಿದ ಎರಡು ತುಂಡು ಸಂಜೆಗೆ ಪರಿಚಯವೇ ಇಲ್ಲದವರ ಹಾಗೆ ಫ್ಲಾಸ್ಕಿನಲ್ಲಿ ತಿರುಗುತ್ತಿರುತ್ತವೆ. ಪಲ್ಲೇಡಿಯಂ ಬದಲಾಯಿಸಿದೆವು. ಬೋರಾನ್ ತುಂಡನ್ನು ಹೊಸದಾಗಿ ತರಿಸಿದೆವು. ಗಾಳಿ ಹೋಗುತ್ತಿದೆಯೇನೋ ಎಂದು ಮುಚ್ಚಳಗಳನ್ನು ಬದಲಾಯಿಸಿದೆವು. ನಿಮ್ಮ ಹರಳನ್ನು ಪರೀಕ್ಷೆಗೆ ಕೊಟ್ಟೆ. ಬಂದ ವರದಿ ನೋಡಿ ನಮ್ಮ ಲ್ಯಾಬಿನ ಹಿರಿಯರು, "ಇದರಷ್ಟು ಶುದ್ಧ ನಾನು ನೋಡೇ ಇಲ್ಲ, ಇದರ ಮೇಲೆ ಅನುಮಾನ ಬೇಡ" ಎಂದರು. ನನಗೆ ಹೆಮ್ಮೆಯಾಯಿತು. ಹೆಮ್ಮೆಯಾದದ್ದರಿಂದ ಆ ಕಡೆ ಮತ್ತೆ ನೋಡಲಿಲ್ಲ.

ಜುಲೈ ಬಗ್ಗೆ ಅಮ್ಮನ ಹತ್ತಿರ ಈಗ ಏನೂ ಹೇಳಬೇಡ.

ನನ್ನ ಸ್ವೆಟರನ್ನು ಬಿಸಿಲಿಗೆ ಹಾಕು. ಹುಳ ಹಿಡಿಯುತ್ತದೆ.

ನಾನು


ಮೇ 5

ಅತ್ತೆಗೆ ಹೇಳಲಿಲ್ಲ. ಹೇಳಬೇಕಾಗಲಿಲ್ಲ. ಭಾನುವಾರ ನಿನ್ನ ಜೊತೆ ಮಾತಾಡಿ ಫೋನಿಟ್ಟವರು, "ಜುಲೈ ಅನ್ನೋ ಮಾತನ್ನೇ ಎತ್ತಲಿಲ್ಲ ನೋಡು ಇವತ್ತು" ಎಂದು ನನ್ನ ಮುಖ ನೋಡಿದರು. ನಾನು ನಲ್ಲಿಯ ಕಡೆ ನೋಡಿದೆ. ಅದು ಈಗ ಸೋರುವುದಿಲ್ಲ.

ನಿನ್ನ ಪ್ರಶ್ನೆಯನ್ನು ಪಾಳಿಯ ಉದ್ದಕ್ಕೂ ತಲೆಯಲ್ಲಿಟ್ಟುಕೊಂಡು ಓಡಾಡುತ್ತೇನೆ. ನಮ್ಮ ಕಡೆ ತಪ್ಪಿರಬಹುದೆಂದು ಮತ್ತೆ ಎಲ್ಲವನ್ನೂ ನೋಡಿದೆ. ಬ್ರೋಮಿನ್ ಬೇರೆ ಮೂಲೆಗೆ ಹೋಗಿಲ್ಲ. ಎರಡೆರಡು ಕಡೆ ಕೂತಿಲ್ಲ. ನೀರಂತೂ ಇಲ್ಲವೇ ಇಲ್ಲ. ಆದರೂ ಮನಸ್ಸು ತಡೆಯದೆ ನಿಮಗೆಂದು ಹೊಸದಾಗಿ ಒಂದು ಸಲ ಮಾಡಿದ್ದೇನೆ. ಎರಡು ಸಲ ಹರಳು ಕಟ್ಟಿಸಿ, ಮೊದಲಿಗಿಂತ ಹೆಚ್ಚು ಒಣಗಿಸಿ, ಇನ್ನೂ ಬೆಚ್ಚಗಿರುವಾಗಲೇ ಮುಚ್ಚಿ ಮೇಣ ಹಾಕಿದೆ. "ಸಾರ್, ಇದನ್ನ ತೆಗೆದೋರು ಬಾಯಾರಿಕೆ ಆಗಿ ಸಾಯ್ತಾರೆ" ಎಂದ ಮೂಗು. ಅವನ ಮಾತಿಗೆಲ್ಲ ನಗಬೇಕೆಂದಿಲ್ಲ.

ಇಲ್ಲಿ ಹೇಳಬಾರದ ಒಂದು ಮಾತು. ನಾವು ಮಾಡುವ ತುಂಡುಗಳು ಏನಾಗುತ್ತವೆ ಎಂದು ನಮಗೆ ಯಾವತ್ತೂ ತಿಳಿಯುವುದಿಲ್ಲ. ಡ್ರಮ್ಮು ಲಾರಿ ಹತ್ತುತ್ತದೆ, ಗೇಟು ಮುಚ್ಚುತ್ತದೆ. ಅದರ ಬಗ್ಗೆ ನನಗೆ ಎಂದೂ ಕುತೂಹಲ ಇರಲಿಲ್ಲ, ತಿಳಿಯದೆ ಇರುವುದೇ ಒಂದು ನೆಮ್ಮದಿ ಎಂದುಕೊಂಡಿದ್ದೆ. ಈ ವರ್ಷ ಲಾರಿ ಹೋದ ಮೇಲೂ ಗೇಟಿನ ಹತ್ತಿರ ನಿಂತಿರುತ್ತೇನೆ. ಕಾವಲುಗಾರ, "ಏನಾದ್ರೂ ಮರೆತ್ರಾ ಸಾರ್?" ಎನ್ನುತ್ತಾನೆ.

ಇಂತಿ,
ಹುಳ ಹಿಡಿಯದಂತೆ ನೋಡಿಕೊಳ್ಳುತ್ತಿರುವವನು


ಜೂನ್ 14

ಹೊಸ ಡಬ್ಬಿಯೂ ಬಂತು. ಅದೂ ಕೂಡಿಕೊಳ್ಳಲಿಲ್ಲ.

ಕೆಲಸ ಹಿಂದೆ ಬಿದ್ದಿರುವುದರಿಂದ ಒಪ್ಪಂದವನ್ನು ಡಿಸೆಂಬರ್ ತನಕ ಮುಂದುವರಿಸಿದ್ದಾರೆ. ಸಹಿ ಮಾಡಿದೆ. ಅರ್ಧಕ್ಕೆ ಬಿಟ್ಟು ಬರಬಹುದಿತ್ತು. ಅರ್ಧಕ್ಕೆ ಬಿಟ್ಟು ಬಂದವಳು ಆ ಮನೆಯಲ್ಲಿ ಹೇಗೆ ಓಡಾಡುತ್ತಾಳೆ ಎಂದು ಯೋಚಿಸಿ ನೋಡಿದೆ. ಸಹಿ ಮಾಡಿದೆ.

ಅಮ್ಮನಿಗೆ ನಾನೇ ಭಾನುವಾರ ಹೇಳುತ್ತೇನೆ. ನೀನು ಆಗ ಅವಳ ಬಲಗಡೆ ಕೂತಿರು.

ನಾನು


ಆಗಸ್ಟ್ 24

ಇಷ್ಟು ದಿನ ಬರೆಯದೆ ಇದ್ದದ್ದಕ್ಕೆ ಏನೋ ಒಂದು ನೆಪ ಹುಡುಕಬಹುದು. ಬೇಡ.

ಕಳೆದ ವಾರ ಒಂದು ಮಧ್ಯಾಹ್ನ, ಊಟ ಮುಗಿಸಿ ಬಂದು, ಮತ್ತೊಮ್ಮೆ ಅದನ್ನೇ ಹಾಕುವುದಕ್ಕೆ ಕೂತೆ. ಒಣಗಿದ ಫ್ಲಾಸ್ಕು ಒಂದೂ ಇರಲಿಲ್ಲ. ಆಗತಾನೆ ತೊಳೆದಿಟ್ಟದ್ದು ಒಂದಿತ್ತು, ತಳದಲ್ಲಿ ನೀರು ಹೊಳೆಯುತ್ತಿತ್ತು. ಹೇಗೂ ಆಗುವುದಿಲ್ಲವಲ್ಲ ಎಂದು ಅದರಲ್ಲೇ ಹಾಕಿದೆ. ಇಂಥದ್ದನ್ನು ಬೇರೆ ಯಾರಾದರೂ ಮಾಡಿದ್ದರೆ ನಾನು ಬೈಯುತ್ತಿದ್ದೆ. ಟೀ ಕುಡಿದು ಬಂದು, ಒಂದು ಹನಿ ತೆಗೆದು ತೆಳು ಪಟ್ಟಿಯ ಮೇಲೆ ಓಡಿಸಿ, ದೀಪದ ಕೆಳಗೆ ಹಿಡಿದೆ. ನಿಮ್ಮ ಹರಳಿನ ಚುಕ್ಕೆ ಇರಲಿಲ್ಲ. ಬೇರೆ ಕಡೆ ಒಂದು ಹೊಸ ಚುಕ್ಕೆ, ದಪ್ಪಗೆ. ಕೂಡಿಕೊಂಡಿತ್ತು.

ಕಪಾಟಿನ ಹಿಂದೆ ಹಳೆಯ ಡಬ್ಬಿಯೊಂದರ ತಳದಲ್ಲಿ ಸ್ವಲ್ಪ ಉಳಿದಿತ್ತು. ಮುಟ್ಟಿ ನೋಡಿದೆ. ತೂಕ ಮಾಡಿ, ಬಿಸಿ ಮಾಡಿ, ಮತ್ತೆ ತೂಕ ಮಾಡಿದೆ. ಒದ್ದೆ. ನಿಮ್ಮವರು ಒಂದು ಪಾಳಿ ಒಣಗಿಸಿ ತೆಗೆದುಬಿಡುತ್ತಿದ್ದ ಹರಳಿನಲ್ಲಿ ಉಳಿಯುತ್ತಿದ್ದ ಆ ಚೂರು ನೀರೇ ಇಲ್ಲಿ ಕೆಲಸ ಮಾಡುತ್ತಿತ್ತು. ಅದಿಲ್ಲದೆ ಕ್ಷಾರ ಕರಗುವುದಿಲ್ಲ, ಬೋರಾನ್ ತನ್ನ ತುಂಡನ್ನು ಕೊಡುವುದಿಲ್ಲ. ನನ್ನ ಹಿಂದಿನವರಿಗೂ ಇದು ತಿಳಿಯದು. 'ಬಂದದ್ದನ್ನು ಬಂದ ಹಾಗೇ ಬಳಸಿ' ಎಂದಷ್ಟೇ ಬರೆದಿದ್ದಾರೆ. ನೀರು ಇಷ್ಟಕ್ಕಿಂತ ಹೆಚ್ಚಿರಬಾರದು ಎಂದು ಹೇಳುವ ನಿಯಮ ಇದೆ. ಇಷ್ಟಕ್ಕಿಂತ ಕಮ್ಮಿ ಇರಬಾರದು ಎಂದು ಯಾವ ನಿಯಮವೂ ಹೇಳುವುದಿಲ್ಲ.

ಅಂದರೆ ನೀನು ನನಗೆಂದು ಒಣಗಿಸಿದ್ದು.

ಜೋರಾಗಿ ನಕ್ಕೆ. ಎಲ್ಲರೂ ತಿರುಗಿದರು. ಹಿರಿಯರು ಬಂದು ಕೈ ಕುಲುಕಿದರು. ಸಪ್ಲೈಯರ್ ಯಾಕೆ ಇದ್ದಕ್ಕಿದ್ದಂತೆ ಇಷ್ಟು ಒಣಗಿಸಿದರೋ ಎಂದು ಕೇಳಿದರು. ಗೊತ್ತಿಲ್ಲ ಸರ್ ಎಂದೆ. ಕೋಣೆಗೆ ಬಂದು ಆ ಡಬ್ಬಿಯ ಚೀಟಿ ಬಿಡಿಸಿಕೊಂಡು, ನಿನ್ನ ಏಳನ್ನು ನೋಡುತ್ತ ಕೂತೆ. ಆಗ ನಗು ಇರಲಿಲ್ಲ.

ಇನ್ನೊಂದು. ಕೂಡಿಕೊಂಡಾದ ಮೇಲೆ ಫ್ಲಾಸ್ಕಿಗೆ ನೀರು ಹಾಕಿ ತೊಳೆಯುತ್ತೇವಲ್ಲ, ಬ್ರೋಮಿನ್ ಉಪ್ಪಾಗಿ ಆ ನೀರಿನ ಜೊತೆ ತ್ಯಾಜ್ಯದ ಡ್ರಮ್ಮಿಗೆ ಹೋಗುತ್ತದೆ. ಹೊಸ ಅಣುವನ್ನು ಹೇಗೆ ತಿರುಗಿಸಿ ನೋಡಿದರೂ ಬ್ರೋಮಿನ್ ಇದ್ದ ಮೂಲೆ ಯಾವುದೆಂದು ಅದು ಹೇಳುವುದಿಲ್ಲ. ಅಮ್ಮ ಇದೆಂಥ ನೆಂಟ ಎಂದದ್ದನ್ನು ನೀನು ತಮಾಷೆಗೆ ಬರೆದೆ. ನಾನು ಅದನ್ನು ತಮಾಷೆಯಾಗಿ ಓದಲಿಲ್ಲ. ನೀನು ನನ್ನ ಕುರ್ಚಿಯಲ್ಲಿ ಕೂತಿದ್ದೀಯಾ, ಅಮ್ಮ ನಿನಗೆ ಬೈಯುತ್ತಾಳೆ, ನೀನು ಕಷಾಯ ಕುಡಿಯುತ್ತೀಯಾ. ನಾನಿದ್ದಾಗ ನೀವಿಬ್ಬರೂ ಒಬ್ಬರನ್ನೊಬ್ಬರು ನನ್ನ ಮೂಲಕವೇ ಮಾತಾಡಿಸುತ್ತಿದ್ದಿರಿ. "ಅವರಿಗೆ ಸಾಕಾ ಕೇಳು." "ಅಮ್ಮನಿಗೆ ಬೇಕಾ ಕೇಳು." ನಾನು ಬಿಟ್ಟು ಬಂದ ಮೇಲೆ ನೇರವಾಗಿ ಕೂಡಿಕೊಂಡಿರಿ. ಸಂತೋಷ. ನಿಜವಾಗಿಯೂ ಸಂತೋಷ. ಆದರೆ ಅಲ್ಲಿಗೆ ವಾಪಸು ಬಂದರೆ ನಾನು ಎಲ್ಲಿ ಕೂರುವುದು ಎಂದು ತಿಳಿಯುವುದಿಲ್ಲ.

ಇಲ್ಲಿ ಡಿಸೆಂಬರ್ ಆದ ಮೇಲೂ ಇರಿ, ಈ ವಿಭಾಗ ನೀವೇ ನೋಡಿಕೊಳ್ಳಿ ಎಂದಿದ್ದಾರೆ. ಖಾಯಂ ಕೆಲಸ. ಇನ್ನೂ ಉತ್ತರ ಕೊಟ್ಟಿಲ್ಲ, ಸಮಯ ಕೇಳಿದ್ದೇನೆ. ನನ್ನ ಮುಂದಿನ ಕಾಗದ ಬರುವ ತನಕ ನೀನು ಏನೂ ಮಾಡಬೇಡ.

ನಿನ್ನ ಪಕ್ಕದ ಮೇಜಿನವಳು


ಅಕ್ಟೋಬರ್ 19, ರೈಲಿನಲ್ಲಿ

ನಿನ್ನ ಮುಂದಿನ ಕಾಗದ ಬರಲಿಲ್ಲ.

ಏನೂ ಮಾಡಬೇಡ ಎಂದಿದ್ದೆ ನೀನು. ಉತ್ತರ ಬರೆಯುವುದೂ ಆ 'ಏನೂ' ಎಂಬುದರಲ್ಲಿ ಸೇರಿದೆಯೆಂದು ತಿಳಿದು ಬರೆಯಲಿಲ್ಲ. ಪ್ರತಿ ಭಾನುವಾರ ಫೋನಿನಲ್ಲಿ ನಿನ್ನ ದನಿ ಕೇಳಿಸುತ್ತಿತ್ತು. ಗ್ಯಾಸು ಬಂತಾ ಎಂದು ನೀನು ಕೇಳುತ್ತಿದ್ದೆ, ಬಂತು ಎಂದು ನಾನು ಹೇಳುತ್ತಿದ್ದೆ. ಆಮೇಲೆ ನೀನು ಸ್ವಲ್ಪ ಹೊತ್ತು ಫೋನಿಡದೆ ಇರುತ್ತಿದ್ದೆ. ನಾನೂ ಇಡುತ್ತಿರಲಿಲ್ಲ. ಅಲ್ಲಿ ಕೇಳಬಹುದಿತ್ತು, ಆದರೆ ಅದು ಕಾಗದದ ವಿಷಯ, ಫೋನಿನದಲ್ಲ ಎಂದು ನಾವೇ ಹಂಚಿಕೊಂಡದ್ದನ್ನು ನಾನೊಬ್ಬನೇ ಹೇಗೆ ಮುರಿಯುವುದು ಎಂದುಕೊಂಡೆ. ಕಳೆದ ಭಾನುವಾರ ನೀನು ಫೋನ್ ಎತ್ತಲಿಲ್ಲ.

ಅತ್ತೆ ಸೋಮವಾರದ ತನಕ ತಡೆದುಕೊಂಡರು. ಆಮೇಲೆ ಪಾತ್ರೆ ಒರೆಸುವ ಬಟ್ಟೆಯನ್ನು ಹೆಗಲ ಮೇಲೆ ಹಾಕಿಕೊಂಡು ನನ್ನ ಎದುರು ಬಂದು ನಿಂತರು.

"ಏನಂತ ಬರೆದಿದ್ಲು ಕೊನೇ ಕಾಗದದಲ್ಲಿ? ನಿಜ ಹೇಳು."

ಹೇಳಿದೆ. ಹರಳು ಒಣಗಿಸಿದ್ದು, ನೀರು, ಡಿಸೆಂಬರ್, ಖಾಯಂ ಕೆಲಸ, ಎಲ್ಲಿ ಕೂರುವುದು ಎಂದು ಕೇಳಿದ್ದು, ಎಲ್ಲ ಹೇಳಿದೆ. ಬಲಗಿವಿಯನ್ನು ನನ್ನ ಕಡೆ ತಿರುಗಿಸಿಕೊಂಡು ಕೇಳಿದರು.

"ಅದಕ್ಕೆ ನೀನೇನು ಬರೆದೆ?"

"ಏನೂ ಇಲ್ಲ, ಅತ್ತೆ. ಏನೂ ಮಾಡಬೇಡ ಅಂದಿದ್ಲು."

"ಅಯ್ಯೋ ಪೆದ್ದೇ! ಏನೂ ಮಾಡಬೇಡ ಅಂದಿದ್ದು, ಏನಾದ್ರೂ ಮಾಡಲಿ ಅಂತ ಕಣೋ. ಎರಡು ತಿಂಗಳು ಆ ಹುಡುಗಿ ಲೈನಲ್ಲಿ ಕಾದಿದ್ದಾಳೆ. ನೀನು ಈ ಕಡೆ ಎತ್ತಿ ಹಿಡ್ಕೊಂಡು ಉಸಿರಾಡ್ತಾ ಕೂತಿದ್ದೀಯಾ!"

ಆ ಮಾತಿನ ಮೇಲೆ ಅವರೂ ಕೂತರು, ನಾನೂ ಕೂತೆ. ಹೆಗಲ ಮೇಲಿನ ಬಟ್ಟೆಯನ್ನು ತೆಗೆದು ಮಡಿಸುತ್ತ, "ಅಲ್ಲಿ ಮಹಡಿ ಮೆಟ್ಟಿಲು ಜಾಸ್ತಿಯಾ?" ಎಂದು ಕೇಳಿದರು. ಎದ್ದು ಹೋಗಿ ಅಟ್ಟದ ಮೇಲಿನ ದೊಡ್ಡ ಸೂಟ್‌ಕೇಸ್ ಇಳಿಸು ಎಂದರು.

ಪ್ಲಾಂಟಿನಲ್ಲಿ ಹೇಳಿದೆ, ತಿಂಗಳ ಕೊನೆಗೆ ಬಿಡುತ್ತೇನೆ, ಅಲ್ಲಿಯ ತನಕ ರಜೆ ಕೊಡಿ ಎಂದು. ಯಜಮಾನರು ನಂಬಲಿಲ್ಲ. "ನೀವು ಹೋದ್ರೆ ಈ ಗೋಡೆ ಬೀಳುತ್ತೆ ಅಂದುಕೊಂಡಿದ್ವಲ್ರೀ" ಎಂದರು. ನಾನೂ ಹಾಗೇ ಅಂದುಕೊಂಡಿದ್ದೆ. ಗೋಡೆಯನ್ನು ನೋಡಿದೆ, ಒಳ್ಳೆಯ ಗೋಡೆ, ನನ್ನ ಪಾಡಿಗೆ ನನ್ನನ್ನು ಬಿಟ್ಟಿತು. ನೀನಿರುವ ಊರಿನಲ್ಲಿ ನನಗೇನು ಕೆಲಸ ಸಿಗುತ್ತದೋ ತಿಳಿಯದು. ನೀನು ಅಲ್ಲೇ ಇರುತ್ತೀಯಾದರೆ ನಾನೂ ಅಲ್ಲಿರುತ್ತೇನೆ. ಬಿಟ್ಟು ಬರುತ್ತೀಯಾದರೆ ಮೂವರೂ ವಾಪಸು ಬರೋಣ, ಯಾವ ಕುರ್ಚಿ ಯಾರಿಗೆ ಎಂದು ಹೊಸದಾಗಿ ಜಗಳವಾಡೋಣ. ಇಷ್ಟನ್ನು ಒಂದು ಕಾರ್ಡಿನಲ್ಲಿ ಬರೆದು ಆಗಸ್ಟಿನಲ್ಲೇ ಹಾಕಬಹುದಾಗಿತ್ತು ಎಂದು ಈಗ ಕಾಣುತ್ತದೆ. ಬಹಳ ಚೆನ್ನಾಗಿ ಮಾಡಬೇಕೆಂದು ಕೂತು ಏನನ್ನು ಕಳೆಯುತ್ತೇನೆಂದು ನನಗೆ ಯಾವಾಗಲೂ ಆಮೇಲೆ ತಿಳಿಯುತ್ತದೆ.

ಅತ್ತೆ ಎದುರು ಸೀಟಿನಲ್ಲಿ ನಿದ್ದೆ ಮಾಡುತ್ತಿದ್ದಾರೆ, ಕೆಟ್ಟ ಕಿವಿ ಮೇಲೆ ಮಾಡಿಕೊಂಡು. ಹಾಗೆ ಮಲಗಿದರೆ ರೈಲಿನ ಸದ್ದು ಕೇಳುವುದಿಲ್ಲವಂತೆ. ನಾವು ಹೊರಟಿರುವುದನ್ನು ನಿನಗೆ ತಿಳಿಸಬೇಡ ಎಂದು ಅವರ ಆಜ್ಞೆ. "ತಿಳಿಸಿದ್ರೆ ಬೇಡ ಅಂತಾಳೆ. ಬಾಗಿಲಲ್ಲಿ ನಿಂತಿದ್ರೆ ಬೇಡ ಅನ್ನೋದಕ್ಕೆ ಮುಖ ಬರಲ್ಲ." ಅವರಿಗೆ ಅಷ್ಟು ಖಾತ್ರಿ. ನನಗೆ ಇಲ್ಲ. ಪಕ್ಕದ ಹಳಿಯ ಮೇಲೆ ಎದುರಿನಿಂದ ರೈಲು ಬಂದಾಗಲೆಲ್ಲ ಅದರ ಕಿಟಕಿಗಳನ್ನು ನೋಡುತ್ತೇನೆ, ಒಂದೂ ಮುಖ ಹಿಡಿಯಲಾಗುವುದಿಲ್ಲ. ನೀನು ಫೋನ್ ಎತ್ತದೆ ಇದ್ದದ್ದು ನಮ್ಮ ಕಡೆಗೆ ಹೊರಟಿರುವುದರಿಂದ ಎಂದು ಒಂದು ಸ್ಟೇಷನ್ನಿನ ತನಕ ನಂಬುತ್ತೇನೆ. ಮುಂದಿನ ಸ್ಟೇಷನ್ನಿನ ತನಕ, ಕಾದು ಕಾದು ಅಲ್ಲಿಯ ಖಾಯಂ ಕೆಲಸಕ್ಕೆ ಸರಿ ಎಂದುಬಿಟ್ಟಿದ್ದೀಯ ಎಂದು.

ಈ ಕಾಗದವನ್ನು ಅಂಚೆಗೆ ಹಾಕುವುದಿಲ್ಲ. ಹಾಕಿದರೂ ಅದಕ್ಕಿಂತ ಮೊದಲು ನಾವೇ ಬಂದಿರುತ್ತೇವೆ. ಸೈಕಲ್ ಅಂಗಡಿಯ ಪಕ್ಕದ ಬಾಗಿಲು, ಅಲ್ಲವೇ? ನಾನು ಬಡಿಯುತ್ತೇನೆ, ಅತ್ತೆ ಮೆಟ್ಟಿಲು ಹತ್ತಿದ ದಮ್ಮು ಸುಧಾರಿಸಿಕೊಳ್ಳುತ್ತ ಹಿಂದೆ ನಿಂತಿರುತ್ತಾರೆ. ನೀನು ಅಲ್ಲೇ ಇದ್ದರೆ, ಚಿಲಕ ತೆಗೆದು ನನ್ನನ್ನು ಕಂಡ ಆ ಕ್ಷಣ, ನೀನಿನ್ನೂ ಏನನ್ನೂ ಹೇಳಲು ಶುರು ಮಾಡುವ ಮೊದಲು, ನಿನ್ನ ಮುಖದಲ್ಲಿ ಏನು ಬರುತ್ತದೆ?